ಪ್ರವಾಹಭೂಮಿಯ ಲಕ್ಷಣವಿಮರ್ಶೆ

೧

ಲಕ್ಷಣವು ಕೆಟ್ಟರೆ ಶಾಸ್ತ್ರವು ಕೆಡುವುದೆಂಬುದು ತರ್ಕವನ್ನು ಓದಿದವರಿಗೆ ಹೊಸ ಮಾತಲ್ಲ. ಲಕ್ಷ್ಯದ ಒಂದು ಭಾಗವನ್ನು ಬಿಟ್ಟುಬಿಡುವುದು ಅವ್ಯಾಪ್ತಿ. ಲಕ್ಷ್ಯವಲ್ಲದುದನ್ನೂ ಒಳಗೊಳ್ಳುವುದು ಅತಿವ್ಯಾಪ್ತಿ. ಲಕ್ಷ್ಯದಲ್ಲಿ ಎಲ್ಲಿಯೂ ನಿಲ್ಲದಿರುವುದು ಅಸಂಭವ. ಹಸುವಿಗೆ ಕಪಿಲವರ್ಣವೇ ಲಕ್ಷಣವೆಂದರೆ ಬಿಳಿಯ ಹಸುವು ಹೊರಗುಳಿಯುವುದು. ಕೊಂಬುಳ್ಳುದೇ ಲಕ್ಷಣವೆಂದರೆ ಎಮ್ಮೆಯೂ ಹಸುವಾಗುವುದು. ಈ ಪರೀಕ್ಷೆಯನ್ನು ಕಾವ್ಯಲಕ್ಷಣಕ್ಕೂ ವ್ಯಾಕರಣಸೂತ್ರಕ್ಕೂ ಒಡ್ಡುವುದು ರೂಢಿಯಲ್ಲಿರುವುದು. ಮನೆ ಕಟ್ಟುವ ಕಟ್ಟಳೆಗಳಿಗೆ ಒಡ್ಡಿದುದು ವಿರಳ. ಆದರೆ ಕಾವ್ಯಲಕ್ಷಣದಲ್ಲಿ ತಪ್ಪಿದರೆ ಒಂದು ಪದ್ಯವು ಹೊರಗಾದೀತು. ಪ್ರವಾಹಭೂಮಿಯ ಲಕ್ಷಣದಲ್ಲಿ ತಪ್ಪಿದರೆ ಒಂದು ಕೇರಿಯೇ ನೀರಿನ ಪಾಲಾದೀತು. ಆದಕಾರಣ ಈ ಕಟ್ಟಳೆಗಳ ಶಬ್ದಾರ್ಥವನ್ನು ವಿಮರ್ಶಿಸುವುದು ಪಂಡಿತರ ಕೆಲಸವೂ ಆಗಿರುವುದು.

ಇಂತಹ ಪರೀಕ್ಷೆಗೆ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳು ತಕ್ಕ ಕ್ಷೇತ್ರವಾಗಿವೆ. ಬರದ ಸೀಮೆಗೆ ನೆರೆಯ ಮಾತೇಕೆ ಎಂದು ಶಂಕಿಸಬಹುದು. ಆ ಶಂಕೆಯೇ ರೋಗದ ಮೂಲವು. ಮಲೆನಾಡಿನವನಿಗೆ ಹೊಳೆಯು ವರ್ಷಕ್ಕೊಮ್ಮೆ ತನ್ನ ಮೇರೆಯನ್ನು ತಾನೇ ತೋರಿಸಿಕೊಡುತ್ತದೆ; ಅವನು ಅದನ್ನು ಮರೆಯಲಾರನು. ಬಯಲುಸೀಮೆಯ ಹೊಳೆಯಾದರೋ ವರ್ಷದ ಬಹುಭಾಗ ಮರಳಾಗಿ ಮಲಗಿರುತ್ತದೆ. ಬಾಬಾಬುಡನ್ ಗಿರಿಶ್ರೇಣಿಯಲ್ಲಿ ಹುಟ್ಟುವ ವೇದಾ, ಅವತಿ ಎಂಬ ಎರಡು ಹೊಳೆಗಳು ಕಡೂರಿನ ಬಳಿ ಕೂಡಿ ವೇದಾವತಿಯಾಗಿ, ಹೊಸದುರ್ಗ ಹಿರಿಯೂರುಗಳ ಸೀಮೆಯನ್ನು ದಾಟಿ, ಚಳ್ಳಕೆರೆ ತಾಲ್ಲೂಕಿನ ಪರಶುರಾಂಪುರದ ಕಡೆಯಿಂದ ಆಂಧ್ರವನ್ನು ಹೊಕ್ಕು, ಮುಂದೆ ಹಗರಿಯೆಂಬ ಹೆಸರಿನಿಂದ ತುಂಗಭದ್ರೆಯನ್ನು ಸೇರುತ್ತವೆ. ಮೊಳಕಾಲ್ಮೂರಿನ ಚಿನ್ನಹಗರಿಯೂ ಇದೇ ಸ್ವಭಾವದ್ದು. ಇಂತಹ ಹೊಳೆಯ ದಂಡೆಯಲ್ಲಿ ಒಂದು ತಲೆಮಾರು ನೀರನ್ನೇ ಕಾಣದೆ ಕಳೆದುಹೋಗಬಹುದು.

ಮಾರಿಕಣಿವೆಯಲ್ಲಿ ೧೯೦೭ರಲ್ಲಿ ಕಟ್ಟಿ ಮುಗಿಸಿದ ವಾಣೀವಿಲಾಸ ಸಾಗರವೇ ಇದಕ್ಕೆ ಸಾಕ್ಷಿ. ಅದು ೧೯೩೩ರಲ್ಲಿ ಕೋಡಿ ಬಿದ್ದಿತು. ಅದರ ಮುಂದೆ ಕೋಡಿ ಬಿದ್ದುದು ೨೦೨೨ರ ಸೆಪ್ಟೆಂಬರಿನಲ್ಲಿ. ನಡುವೆ ೮೯ ವರ್ಷಗಳು ಸಂದುವು. ಹತ್ತು ವರ್ಷದ ಬಾಲಕನಾಗಿ ಮೊದಲನೆಯ ಕೋಡಿಯನ್ನು ಕಂಡವನು ಎರಡನೆಯದನ್ನು ಕಾಣಬೇಕಾದರೆ ೯೯ರ ವೃದ್ಧನಾಗಿ ಉಳಿದಿರಬೇಕು. ಅನಂತರ ೨೦೨೫ರ ಜನವರಿಯಲ್ಲಿ ಮತ್ತೆ ಕೋಡಿ ಬಿದ್ದಿತು. ಈ ಅಂತರವು ಎರಡೂವರೆ ವರ್ಷವನ್ನೂ ಮುಟ್ಟಲಿಲ್ಲ. ೮೯ ವರ್ಷದ ಮರೆವನ್ನು ನಂಬಿ ಕಟ್ಟಿದವನಿಗೂ, 'ಇನ್ನು ೮೯ ವರ್ಷ ಭಯವಿಲ್ಲ' ಎಂದು ಎಣಿಸಿದವನಿಗೂ ನೀರು ಒಂದೇ ಉತ್ತರವನ್ನು ಹೇಳಿತು.

೨

ಪ್ರಾಚೀನಶಾಸ್ತ್ರಗಳು ಈ ವಿಷಯದಲ್ಲಿ ಏನು ಹೇಳುತ್ತವೆಂಬುದನ್ನು ಮೊದಲು ನೋಡತಕ್ಕದ್ದು. ಮನೆಯ ನೆಲವನ್ನು ಕುರಿತು ವಾಸ್ತುಗ್ರಂಥಗಳಲ್ಲಿ ವಿಸ್ತಾರವಾದ ವಿಚಾರವುಂಟು. ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಹೇಳುವ ಗುಂಡಿಯ ಪರೀಕ್ಷೆಯು ಪ್ರಸಿದ್ಧವಾದುದು: ಗುಂಡಿಯನ್ನು ತೋಡಿ, ತೆಗೆದ ಮಣ್ಣನ್ನೇ ತುಂಬಿದರೆ ಅದು ಮಿಕ್ಕುವುದೋ ಸಾಲದಾಗುವುದೋ ಎಂದು ನೋಡುವುದು, ಇಲ್ಲವೆ ನೀರನ್ನು ತುಂಬಿ, ನೂರು ಹೆಜ್ಜೆ ನಡೆದು ಹಿಂದಿರುಗಿದಾಗ ಎಷ್ಟು ಉಳಿದಿದೆಯೆಂದು ನೋಡುವುದು. ಈ ಪರೀಕ್ಷೆಯು ಮಣ್ಣಿನ ಗುಣವನ್ನು ತಿಳಿಸುತ್ತದೆಯೇ ಹೊರತು ಆ ನೆಲಕ್ಕೆ ಹೊಳೆಯು ಬರುವುದೋ ಬಾರದೋ ಎಂಬುದನ್ನು ತಿಳಿಸುವುದಿಲ್ಲ. ಕನ್ನಡದಲ್ಲಿ ಸುಮಾರು ೧೦೨೫ರಲ್ಲಿ ಚಾವುಂಡರಾಯನು ರಚಿಸಿದ ಲೋಕೋಪಕಾರವು ವಾಸ್ತುವನ್ನೂ ಅಂತರ್ಜಲವನ್ನು ಕಂಡುಹಿಡಿಯುವ ವಿದ್ಯೆಯನ್ನೂ ಒಂದೇ ಗ್ರಂಥದಲ್ಲಿ ಬೋಧಿಸುತ್ತದೆ. ನೀರು ದುರ್ಲಭವಾದ ನಾಡಿನಲ್ಲಿ ನೀರನ್ನು ಹುಡುಕುವುದೇ ಮುಖ್ಯವಾಗಿ ತೋರುವುದು ಸಹಜವು. ಆದುದರಿಂದ 'ವಾಸ್ತು ನೋಡಿ ಕಟ್ಟಿದ ಮನೆಗೆ ನೆರೆಯ ಭಯವಿಲ್ಲ' ಎಂಬ ಭಾವನೆಗೆ ಈ ಪರೀಕ್ಷೆಗಳು ಆಧಾರವಾಗಲಾರವು.

ನೆರೆಯನ್ನು ನೆರೆಯೆಂದೇ ಹಿಡಿದು ವಿಚಾರಿಸಿದುದು ಕೌಟಲ್ಯನ ಅರ್ಥಶಾಸ್ತ್ರವು. ಮೈಸೂರಿನ ಓರಿಯಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು ಈ ಗ್ರಂಥವನ್ನು ೧೯೦೯ರಲ್ಲಿ ಪ್ರಕಟಿಸಿ ಲೋಕಕ್ಕೆ ಉಪಕಾರ ಮಾಡಿದುದು ಸುವಿದಿತವಾಗಿದೆ. ಇದರ ನಾಲ್ಕನೆಯ ಅಧಿಕರಣದಲ್ಲಿ ಅಗ್ನಿ, ಉದಕ, ವ್ಯಾಧಿ, ದುರ್ಭಿಕ್ಷ ಮೊದಲಾದ ಎಂಟು ದೈವಭಯಗಳನ್ನು ಹೇಳಿ, ಉದಕಭಯಕ್ಕೆ ಪ್ರತೀಕಾರವನ್ನು ವಿಧಿಸಿದೆ. ನೀರಿನಂಚಿನ ಗ್ರಾಮಸ್ಥರು 'ವರ್ಷಾರಾತ್ರ'ದಲ್ಲಿ 'ಪೂರವೇಲೆ'ಯನ್ನು ಬಿಟ್ಟು ವಾಸಿಸಬೇಕು. ಮರ, ಬಿದಿರು, ದೋಣಿಗಳನ್ನು ಸಿದ್ಧವಾಗಿಟ್ಟುಕೊಂಡಿರಬೇಕು. ಕೊಚ್ಚಿಹೋಗುವವನನ್ನು ಸೋರೆಬುರುಡೆ, ತೊಗಲಿನ ಚೀಲ, ತೆಪ್ಪ ಮೊದಲಾದವುಗಳಿಂದ ಎತ್ತಬೇಕು. ಎತ್ತಲು ಹೋಗದವನಿಗೆ ೧೨ ಪಣ ದಂಡ. ತೇಲುವ ಸಾಧನವಿಲ್ಲದವನಿಗೆ ಮಾತ್ರ ದಂಡವಿಲ್ಲ.

ಇಲ್ಲಿ ಎರಡು ಶಬ್ದಗಳು ವಿಚಾರಾರ್ಹವಾಗಿವೆ. 'ವರ್ಷಾರಾತ್ರ'ವೆಂದರೆ ಮಳೆಯ ಒಂದು ಇರುಳೆಂದು ಭ್ರಮಿಸಬಾರದು. ಇಡೀ ಮಳೆಗಾಲವೆಂದೇ ಅರ್ಥ. ಎಚ್ಚರವು ಮೋಡವನ್ನು ಕಂಡಾಗ ಮಾಡುವ ಗಡಿಬಿಡಿಯಲ್ಲ, ಋತುವಿನ ನಿಯಮವೆಂಬುದು ಇದರಿಂದ ಸಿದ್ಧವಾಗುತ್ತದೆ. ಎರಡನೆಯದು 'ಪೂರವೇಲೆ'. ಪೂರವೆಂದರೆ ತುಂಬುಹೊಳೆ, ವೇಲೆಯೆಂದರೆ ಮೇರೆ. ಇಷ್ಟು ಗಜ, ಇಷ್ಟು ದಂಡ ಎಂಬ ಅಳತೆಯನ್ನು ಕೌಟಲ್ಯನು ಇಲ್ಲಿ ಹೇಳಲಿಲ್ಲ. ಅಳತೆಗಳಲ್ಲಿ ಅಷ್ಟು ನಿಷ್ಕೃಷ್ಟನಾದ ಗ್ರಂಥಕಾರನು ಮರೆತು ಬಿಟ್ಟನೆಂದು ಹೇಳಲಾಗದು. ನೀರು ಏರುವ ಮೇರೆಯೇ ಅವನಿಗೆ ಲಕ್ಷಣವು. ಮೇಲಾಗಿ 'ವೇಲಾ' ಶಬ್ದಕ್ಕೆ ದೇಶದ ಎಲ್ಲೆಯೆಂದೂ ಕಾಲವೆಂದೂ ಎರಡು ಅರ್ಥಗಳುಂಟು. ನೀರು ಎಲ್ಲಿಯವರೆಗೆ ಬರುತ್ತದೆ, ಎಷ್ಟು ಕಾಲಕ್ಕೆ ಬರುತ್ತದೆ, ಈ ಎರಡನ್ನೂ ಹಿಡಿದ ಲಕ್ಷಣವೇ ನಿರ್ದುಷ್ಟವಾದುದು. ಈಗಿನ ಕಟ್ಟಳೆಗಳನ್ನು ಈ ಎರಡು ಒರೆಗಲ್ಲುಗಳಿಗೂ ತಿಕ್ಕಿ ನೋಡತಕ್ಕದ್ದು.

೩

ದೇಶದ ವಿಚಾರವು ಮೊದಲನೆಯದು. ಈಗಿನ ಕಟ್ಟಳೆಗಳಲ್ಲಿ ಬಹುಮಟ್ಟಿಗೆ ಕಂಡುಬರುವ ಲಕ್ಷಣವು ದೂರದ ಅಳತೆ. ಬೆಂಗಳೂರಿನ ೨೦೧೫ರ ಮಹಾಯೋಜನೆಯು ಕೆರೆಯ ಸುತ್ತ ೩೦ ಮೀಟರನ್ನೂ, ರಾಜಕಾಲುವೆಗಳಿಗೆ ದರ್ಜೆಯಂತೆ ನಡುವಿನಿಂದ ೫೦, ೨೫, ೧೫ ಮೀಟರುಗಳನ್ನೂ ಬಿಡಬೇಕೆಂದು ವಿಧಿಸಿತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ೨೦೧೬ರ ಮೇ ತಿಂಗಳಲ್ಲಿ ಇದನ್ನು ಕೆರೆಗೆ ೭೫, ಕಾಲುವೆಗಳಿಗೆ ಅಂಚಿನಿಂದ ೫೦, ೩೫, ೨೫ ಮೀಟರುಗಳೆಂದು ಹೆಚ್ಚಿಸಿತು. ಶಾಸನಬದ್ಧವಾದ ಯೋಜನೆಯನ್ನು ಮಂಡಳಿಯು ಹೀಗೆ ಬದಲಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯವು ೨೦೧೯ರ ಮಾರ್ಚಿಯಲ್ಲಿ ಆ ಆದೇಶವನ್ನು ತೆಗೆದುಹಾಕಿತು. ರಾಜ್ಯದ ಕೆರೆಗಳ ಸಂರಕ್ಷಣೆಗಾಗಿ ೨೦೧೪ರಲ್ಲಿ ಆದ ಅಧಿನಿಯಮದ ಮೂಲಪಾಠದಲ್ಲಿಯೂ ೩೦ ಮೀಟರೇ ಅಳತೆಯಾಗಿತ್ತು.

ವಾದವೆಲ್ಲ ಸಂಖ್ಯೆಯನ್ನು ಕುರಿತು ನಡೆಯಿತು. ದೂರವು ಲಕ್ಷಣವಾಗಬಲ್ಲುದೇ ಎಂಬ ಪ್ರಶ್ನೆಯು ಹಿಂದೆ ಬಿದ್ದಿತು. ಬ್ರಹ್ಮಗಿರಿಯ ಬಂಡೆಯ ಇಳಿಜಾರಿನಲ್ಲಿ ಹೊಳೆಯಿಂದ ೩೦ ಮೀಟರು ಸರಿದರೆ ನೆಲವು ಎಷ್ಟೋ ಎತ್ತರಕ್ಕೆ ಹೋಗಬಹುದು. ಅಲ್ಲಿ ನಿಷೇಧವು ಅತಿವ್ಯಾಪ್ತವು. ಪರಶುರಾಂಪುರದ ಕಡೆಯ ಮಟ್ಟಸವಾದ ಬಯಲಿನಲ್ಲಿ ೩೦ ಮೀಟರು ಸರಿದರೂ ನೆಲವು ಒಂದು ಗೇಣು ಏರದಿರಬಹುದು. ಅಲ್ಲಿ ನಿಷೇಧವು ಅವ್ಯಾಪ್ತವು. 'ನಡುವಿನಿಂದ' ಎಂಬ ಮಾತಾದರೋ ಇನ್ನೂ ದುರ್ಬಲವು. ಮರಳುಹೊಳೆಗೆ ನಡುವೆಂಬುದು ಒಂದು ಮಳೆಗಾಲದಲ್ಲಿ ಒಂದು ಕಡೆ, ಇನ್ನೊಂದರಲ್ಲಿ ಇನ್ನೊಂದು ಕಡೆ. ಅಳೆಯಲು ಸುಲಭವೆಂಬ ಗುಣವೊಂದು ದೂರದ ಲಕ್ಷಣಕ್ಕೆ ಉಂಟು. ಹಳ್ಳಿಯ ಅಧಿಕಾರಿಯೂ ಹಗ್ಗವನ್ನು ಹಿಡಿದು ಅಳೆಯಬಲ್ಲನು. ಆ ಸೌಲಭ್ಯವನ್ನು ಅಲ್ಲಗಳೆಯಲಾಗದು. ಆದರೆ ಸುಲಭವಾದುದೆಲ್ಲ ಸರಿಯಾದುದಲ್ಲ.

ಬ್ರಹ್ಮಗಿರಿಯ ಮಾತು ಬಂದುದರಿಂದ ಒಂದು ಅಂಶವನ್ನು ನೆನೆಯಬಹುದು. ಬಿ. ಎಲ್. ರೈಸರು ೧೮೯೨ರಲ್ಲಿ ಬೆಳಕಿಗೆ ತಂದ ಅಶೋಕಶಾಸನಗಳಲ್ಲಿ ಹೆಸರಿಸಿರುವ ಇಸಿಲ ಪಟ್ಟಣದ ನೆಲೆಯನ್ನು ೧೯೪೭ರಲ್ಲಿ ವೀಲರರು ಅಗೆದು ನೋಡಿದರು. ಆ ವಸತಿಯು ಹೊಳೆಗೆ ಸಮೀಪದಲ್ಲಿದ್ದೂ ಬೆಟ್ಟದ ಬುಡದ ಇಳಿಜಾರನ್ನು ಆಶ್ರಯಿಸಿಕೊಂಡಿದ್ದಿತು. ಇದನ್ನು ನೆರೆಯ ಭಯದಿಂದಲೇ ಮಾಡಿದರೆಂದು ಸಾಧಿಸುವಂತಿಲ್ಲ. ನೀರಿಗೆ ಹತ್ತಿರವಿರುವುದಕ್ಕೂ ನೀರಿನ ದಾರಿಯಲ್ಲಿರುವುದಕ್ಕೂ ಭೇದವುಂಟೆಂಬುದಕ್ಕೆ ಮಾತ್ರ ಅದು ಒಳ್ಳೆಯ ದೃಷ್ಟಾಂತವು.

೪

ಇನ್ನು ಕಾಲದ ವಿಚಾರ. ಕೇಂದ್ರ ಸರಕಾರವು ೧೯೭೫ರಲ್ಲಿ ಪ್ರವಾಹಭೂಮಿಯ ವಿಂಗಡಣೆಗೆ ಒಂದು ಮಾದರಿ ವಿಧೇಯಕವನ್ನು ರಾಜ್ಯಗಳಿಗೆ ಕಳುಹಿಸಿತು. ಮಣಿಪುರವು ೧೯೭೮ರಲ್ಲಿ, ರಾಜಸ್ಥಾನವು ೧೯೯೦ರಲ್ಲಿ, ಉತ್ತರಾಖಂಡವು ೨೦೧೨ರಲ್ಲಿ ಕಾಯಿದೆ ಮಾಡಿದುವು. ಕರ್ನಾಟಕವು ಈ ಪಂಕ್ತಿಯಲ್ಲಿ ಇಲ್ಲ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು ೨೦೦೮ರಲ್ಲಿ ಹೊರಡಿಸಿದ ಮಾರ್ಗಸೂಚಿಯು ಕಟ್ಟಡಗಳನ್ನು ಮೂರು ವರ್ಗ ಮಾಡುತ್ತದೆ. ಆಸ್ಪತ್ರೆ, ವಿದ್ಯುತ್ತು, ನೀರು ಸರಬರಾಜು, ರೈಲ್ವೆ ನಿಲ್ದಾಣ, ಕೈಗಾರಿಕೆ, ವ್ಯಾಪಾರಕೇಂದ್ರ ಮೊದಲಾದವು ೧೦೦ ವರ್ಷಕ್ಕೊಮ್ಮೆ ಬರುವ ಪ್ರವಾಹದ ಮಟ್ಟಕ್ಕೆ 'ಅಥವಾ' ಈವರೆಗೆ ಕಂಡ ಅತ್ಯುಚ್ಚ ಮಟ್ಟಕ್ಕೆ ಮೇಲಿರಬೇಕು. ಸರಕಾರಿ ಕಚೇರಿ, ವಿಶ್ವವಿದ್ಯಾನಿಲಯ, ಪುಸ್ತಕಭಂಡಾರ ಮತ್ತು ವಾಸದ ಮನೆಗಳು ೨೫ ವರ್ಷಕ್ಕೊಮ್ಮೆ ಬರುವ ಪ್ರವಾಹದ ಮಟ್ಟಕ್ಕೆ ಮೇಲಿದ್ದರೆ ಸಾಕು. ಅಪಾಯದ ನೆಲದಲ್ಲಿ ಕಂಬಗಳ ಮೇಲೆ ಕಟ್ಟಬೇಕು. ಉದ್ಯಾನ, ಆಟದ ಬಯಲುಗಳು ತಗ್ಗಿನಲ್ಲಿಯೂ ಇರಬಹುದು.

ದೂರವನ್ನು ಬಿಟ್ಟು ಮಟ್ಟವನ್ನು ಹಿಡಿದುದರಿಂದ ಈ ಪಾಠವು ಹಿಂದಿನದಕ್ಕಿಂತ ಎಷ್ಟೋ ಮೇಲು. ಪೂರವೇಲೆಯ ತತ್ತ್ವಕ್ಕೆ ಸಮೀಪವಾದುದು. ಆದರೆ ಮೂರು ದೋಷಗಳು ತೋರುತ್ತವೆ.

'೨೫ ವರ್ಷಕ್ಕೊಮ್ಮೆ' ಎಂಬಲ್ಲಿಯ ಶಬ್ದಬೋಧದ ದೋಷವು ಮೊದಲನೆಯದು. ಕೇಳಿದವನು, ಒಮ್ಮೆ ಬಂದರೆ ಇನ್ನು ೨೫ ವರ್ಷ ಬಾರದೆಂದು ತಿಳಿಯುವನು. ಲೆಕ್ಕಿಗರ ವಿವಕ್ಷೆಯು ಅದಲ್ಲ. ಯಾವ ವರ್ಷವಾದರೂ ಆ ಮಟ್ಟವು ಬರುವ ಸಂಭವವು ನೂರಕ್ಕೆ ನಾಲ್ಕು ಎಂದು ಮಾತ್ರ. ಹೀಗೆ ಎಣಿಸಿದರೆ ೬೦ ವರ್ಷ ಬಾಳುವ ಮನೆಯು ತನ್ನ ಆಯುಸ್ಸಿನಲ್ಲಿ ಒಮ್ಮೆಯಾದರೂ ಆ ಮಟ್ಟದ ನೆರೆಯನ್ನು ಕಾಣುವ ಸಂಭವವು ನೂರಕ್ಕೆ ೯೧ ಆಗುತ್ತದೆ. ೧೦೦ ವರ್ಷದ ಮಟ್ಟವಾದರೆ ನೂರಕ್ಕೆ ೪೫. ವಾಣೀವಿಲಾಸ ಸಾಗರದ ಕೋಡಿಗೆ ಹೊಳೆಯ ಮೇಲ್ಭಾಗದ ಮಳೆಯೊಂದೇ ಅಲ್ಲದೆ ನೀರಿನ ಬಳಕೆ, ಬೇರೆ ಕಡೆಯಿಂದ ಬಂದ ನೀರು ಮೊದಲಾದ ಕಾರಣಗಳೂ ಇರಬಹುದು. ಆದರೂ ಸರಾಸರಿಯ ಕಾಲವು ನೀರಿಗೆ ಮಾಡಿದ ಕರಾರಲ್ಲವೆಂಬುದನ್ನು ಅದು ಕಣ್ಣಾರೆ ತೋರಿಸಿದೆ.

ಎರಡನೆಯ ದೋಷವು 'ಅಥವಾ' ಎಂಬ ಮಾತಿನದು. ಮೀಮಾಂಸಕರು ವಿಕಲ್ಪಕ್ಕೆ ಎಂಟು ದೋಷಗಳನ್ನು ಹೇಳಿ, ಗತ್ಯಂತರವಿಲ್ಲದ ಕಡೆ ಮಾತ್ರ ಅದನ್ನು ಒಪ್ಪುತ್ತಾರೆ. ಇಲ್ಲಿ ಗತ್ಯಂತರವುಂಟು. ಎಣಿಸಿದ ಮಟ್ಟ, ಕಂಡ ಮಟ್ಟ ಎಂಬೆರಡನ್ನು ಕೊಟ್ಟು 'ಅಥವಾ' ಎಂದರೆ ಕಟ್ಟುವವನು ತಗ್ಗಿನದನ್ನೇ ಆರಿಸಿಕೊಳ್ಳುವನು. 'ಎರಡರಲ್ಲಿ ಯಾವುದು ಮೇಲೋ ಅದು' ಎಂದಿದ್ದರೆ ವಿಧಿಯು ನಿರ್ದುಷ್ಟವಾಗುತ್ತಿತ್ತು.

ಮೂರನೆಯದು ಪ್ರಧಾನಗುಣಭಾವದ ದೋಷ. ವ್ಯಾಪಾರಕೇಂದ್ರಕ್ಕೆ ೧೦೦ ವರ್ಷದ ರಕ್ಷಣೆ, ವಾಸದ ಮನೆಗೆ ೨೫ ವರ್ಷದ್ದು! ಆಸ್ಪತ್ರೆಯು ಮೊದಲನೆಯ ವರ್ಗದಲ್ಲಿರುವುದು ಯುಕ್ತವು, ನೆರೆ ಬಂದಾಗಲೇ ಅದರ ಅಗತ್ಯವು ಹೆಚ್ಚು. ಆದರೆ ಹಗಲು ತೆರೆದು ರಾತ್ರಿ ಮುಚ್ಚುವ ಅಂಗಡಿಯು, ಮಕ್ಕಳೂ ಮುದುಕರೂ ನಿದ್ರಿಸುವ ಮನೆಗಿಂತ ಮೇಲೆ ಏಕಿರಬೇಕು? ಕೌಟಲ್ಯನ ಪ್ರಕರಣದಲ್ಲಿ ಮೊದಲು ಹೇಳಿದುದು ವಾಸದ ನೆಲೆಯನ್ನು. ಎತ್ತಬೇಕೆಂದು ವಿಧಿಸಿದುದು ಮನುಷ್ಯನನ್ನು. ಪ್ರಾಣವೇ ಪ್ರಧಾನವು, ಸರಕು ಅದಕ್ಕೆ ಅಂಗವು.

೫

ಬಯಲುಸೀಮೆಗೆ ಅತ್ಯಂತ ಹತ್ತಿರವಾದ ದೋಷವೊಂದು ಉಳಿದಿದೆ: ಒಣಗಿದುದನ್ನು ಇಲ್ಲವಾದುದೆಂದು ತಿಳಿಯುವುದು. ನೀರಿರುವ ಕೆರೆಯ ಏರಿಯನ್ನು ಒಡೆದವನಿಗೆ ಅರ್ಥಶಾಸ್ತ್ರವು ಅಲ್ಲಿಯೇ ನೀರಿನಲ್ಲಿ ಮುಳುಗಿಸುವ ಶಿಕ್ಷೆಯನ್ನು ಹೇಳುತ್ತದೆ. ನೀರಿಲ್ಲದ ಕೆರೆಯಾದರೆ ಉತ್ತಮಸಾಹಸದಂಡ; ಒಡೆದು ಜನರು ಕೈಬಿಟ್ಟ ಕೆರೆಯಾದರೂ ಮಧ್ಯಮಸಾಹಸದಂಡ. ದಂಡದ ಕ್ರೌರ್ಯವನ್ನು ಈಗ ಯಾರೂ ಅನುಮೋದಿಸರು. ಅದರ ಹಿಂದಣ ತತ್ತ್ವವು ಗ್ರಾಹ್ಯವು. ನೀರಿಲ್ಲದಿದ್ದರೂ ಕೆರೆಯು ಕೆರೆಯೇ, ಹಾಳಾದರೂ ಕೆರೆಯೇ. ೧೩೬೯ರ ಪೋರುಮಾಮಿಳ್ಳ ಶಾಸನವು ಕೆರೆಯ ಆರು ದೋಷಗಳಲ್ಲಿ ಕೊಂಚ ನೀರಿಗೆ ಹೆಚ್ಚು ನೆಲ, ಹೆಚ್ಚು ನೀರಿಗೆ ಕೊಂಚ ನೆಲ ಎಂಬೆರಡನ್ನೂ ಎಣಿಸಿದೆ. ಕೆರೆಯಂಗಳವನ್ನು ನಿವೇಶನಗಳಾಗಿ ಹಂಚುವುದೆಂದರೆ ಈ ಕೊನೆಯ ದೋಷವನ್ನು ಕೈಯಾರೆ ನಿರ್ಮಿಸುವುದೇ ಸರಿ. ಬೆಂಗಳೂರಿನ ಧರ್ಮಾಂಬುಧಿ ಕೆರೆಯು ಬಸ್ಸು ನಿಲ್ದಾಣವಾದುದೂ ಸಂಪಂಗಿ ಕೆರೆಯು ಕ್ರೀಡಾಂಗಣವಾದುದೂ ಎಲ್ಲರೂ ಬಲ್ಲ ಸಂಗತಿಗಳು. ಹೆಸರಿನಲ್ಲಿಯೇ ಕೆರೆಯನ್ನು ಹೊತ್ತಿರುವ ಚಳ್ಳಕೆರೆಯಂತಹ ಊರು ಆ ದಾರಿಯನ್ನು ಹಿಡಿಯಬಾರದು.

ಈ ಮರೆವಿಗೆ ಕಂದಾಯದ ಭಾಷೆಯೂ ಸಹಾಯ ಮಾಡಿದೆ. ಹಳ್ಳ, ಕೆರೆ, ದಾರಿ, ಸ್ಮಶಾನ ಮೊದಲಾಗಿ ಸಾರ್ವಜನಿಕರಿಗೆ ಮೀಸಲಾದ ನೆಲವು ದಾಖಲೆಗಳಲ್ಲಿ 'ಬಿ ಖರಾಬು' ಎಂದಿರುತ್ತದೆ. ಖರಾಬೆಂದರೆ ಕೆಟ್ಟದ್ದು, ಹಾಳು. ಬೇಸಾಯಕ್ಕೆ ಬಾರದುದೆಂಬುದು ಸಂಜ್ಞೆಯ ಅಭಿಪ್ರಾಯವು. ಆದರೆ ರೂಢಾರ್ಥವು ಪಾರಿಭಾಷಿಕಾರ್ಥವನ್ನು ನುಂಗಿಬಿಡುತ್ತದೆ. ಹಾಳುನೆಲವೆಂದು ಬರೆದಿಟ್ಟುದನ್ನು ತುಂಬಿ ಮನೆ ಕಟ್ಟಿದವನು ಉಪಕಾರ ಮಾಡಿದೆನೆಂದೇ ತಿಳಿದರೆ ಆಶ್ಚರ್ಯವೇನು? ಅದೇ ನೆಲಕ್ಕೆ 'ನೀರುದಾರಿ' ಎಂಬ ಸಂಜ್ಞೆಯಿದ್ದರೆ ಓದಿದವನು ಒಂದು ಕ್ಷಣ ನಿಂತು ಯೋಚಿಸಿಯಾನು.

೬

ಈ ವಿಚಾರದಿಂದ ಲಕ್ಷಣವನ್ನು ಹೀಗೆ ಹೇಳಬಹುದು: ನೀರು ಮುಟ್ಟಿದುದಾಗಿ ಕಂಡ ಮೇರೆ, ಮುಟ್ಟಬಹುದೆಂದು ಎಣಿಸಿದ ಮೇರೆ ಇವೆರಡರಲ್ಲಿ ಮೇಲಿನದರ ಒಳಗಿರುವ ನೆಲವೆಲ್ಲವೂ, ಒಣಗಿದ ಹಳ್ಳ, ಕೋಡಿಯ ಹರಿವು, ಒಡೆದ ಕೆರೆಯ ಅಂಗಳಗಳನ್ನೂ ಸೇರಿಸಿಕೊಂಡು, ಪ್ರವಾಹಭೂಮಿಯು. ೨೦೨೨ರ ನೀರು ಎಲ್ಲಿಯವರೆಗೆ ಬಂದಿತೆಂಬುದನ್ನು ಕಂಡವರು ಈಗ ಊರೂರಿನಲ್ಲಿಯೂ ಇದ್ದಾರೆ. ಆ ಮೇರೆಯನ್ನು ದೇವಾಲಯದ ಗೋಡೆಯಲ್ಲಿ, ಶಾಲೆಯ ಕಂಬದಲ್ಲಿ, ಊರ ಮುಂದಣ ಬಂಡೆಯಲ್ಲಿ ಗುರುತಿಸಿಡುವುದು ದೊಡ್ಡ ವೆಚ್ಚದ ಕೆಲಸವಲ್ಲ. ಶಿಲಾಶಾಸನಗಳಿಂದ ಪ್ರಸಿದ್ಧವಾದ ಸೀಮೆಗೆ ಕಲ್ಲಿನಲ್ಲಿ ಬರೆದಿಡುವುದನ್ನು ಹೊಸದಾಗಿ ಕಲಿಸಬೇಕಾದುದೂ ಇಲ್ಲ.

ಆದರೆ ಲಕ್ಷಣವು ಸರಿಯಾದ ಮಾತ್ರಕ್ಕೆ ಧರ್ಮವು ಪೂರ್ಣವಾಗದು. ಹಳ್ಳದ ದಂಡೆಯಲ್ಲಿ ಗುಡಿಸಲು ಹಾಕಿದವರಲ್ಲಿ ಹೆಚ್ಚಿನವರು ಅದನ್ನು ಮೆಚ್ಚಿ ಹಾಕಿದವರಲ್ಲ. ಬೇರೆ ನೆಲವಿಲ್ಲದೆ ಹಾಕಿದವರು. ಅಂತಹವರಿಗೆ ಮೊದಲು ನಿಷೇಧ, ಆಮೇಲೆ ನೋಟೀಸು, ಕೊನೆಗೆ ನೆಲಸಮ ಎಂಬ ಕ್ರಮವು ಯುಕ್ತವಲ್ಲ. ತೇಲುವ ಸಾಧನವಿಲ್ಲದವನನ್ನು ದಂಡಿಸಬಾರದೆಂದು ಅಷ್ಟು ಕಠಿಣನಾದ ಕೌಟಲ್ಯನೇ ವಿನಾಯಿತಿಯನ್ನು ಕೊಟ್ಟನು. ಅಶಕ್ತನಿಗೆ ವಿಧಿಯಿಲ್ಲವೆಂಬುದು ಅದರ ಭಾವ. ಎತ್ತರದ ನಿವೇಶನವನ್ನು ಕೊಟ್ಟ ಮೇಲೆ ತಗ್ಗನ್ನು ನಿಷೇಧಿಸುವ ಕಟ್ಟಳೆಯು ಶಾಸ್ತ್ರವೆನಿಸುವುದು. ಕೊಡದೆ ನಿಷೇಧಿಸುವುದು ಬರಿಯ ದಂಡವೆನಿಸುವುದು. ವೇದಾವತಿಯು ಮತ್ತೆ ಮರಳಾಗಿ ಮಲಗಿರುವ ವರ್ಷಗಳೇ ಈ ಕೆಲಸಕ್ಕೆ ತಕ್ಕ ಕಾಲವು. ಹೊಳೆಯು ಎದ್ದ ಮೇಲೆ ಲಕ್ಷಣವನ್ನು ವಿಚಾರಿಸಲು ಅವಕಾಶವಿರುವುದಿಲ್ಲ.