ಉಳಿಸಿ ಗೆದ್ದ ಓಟ

ಹೈದರಾಬಾದಿನ ಹುಸೇನ್ ಸಾಗರದ ದಡದಲ್ಲಿ 2023ರ ಫೆಬ್ರವರಿ 11ರಂದು ನಡೆದ, ವಿದ್ಯುತ್ ಕಾರುಗಳ ಫಾರ್ಮುಲಾ-ಇ ಓಟದ ಬಗ್ಗೆ ಎರಡೇ ಬಗೆಯ ಮಾತು ಉಳಿದುಕೊಂಡಿದೆ. ಅದು ಹಸಿರು ಸಾರಿಗೆಯ ಹಬ್ಬ ಎಂಬುದು ಒಂದು. ಸಾರ್ವಜನಿಕರ ದುಡ್ಡು ಪೋಲಾದ ಕತೆ ಎಂಬುದು ಇನ್ನೊಂದು. ಸರ್ಕಾರ ಬದಲಾಯಿತು, 2024ರ ಓಟ ರದ್ದಾಯಿತು, ಹಣ ಪಾವತಿಯ ವಿಷಯ ಭ್ರಷ್ಟಾಚಾರ ನಿಗ್ರಹ ದಳದ ಪ್ರಕರಣವಾಯಿತು. ಹೊಗಳಿಕೆ ಉಬ್ಬಿದ್ದು. ಒಂದು ಮಧ್ಯಾಹ್ನದ ಓಟದಿಂದ ಯಾವ ನಗರದ ಗಾಳಿಯೂ ತಿಳಿಯಾಗುವುದಿಲ್ಲ. ಆರೋಪದ ತೀರ್ಮಾನ ನ್ಯಾಯಾಲಯದ್ದು. ಈ ಎರಡರ ನಡುವೆ ಓಟವನ್ನು ಓಟವಾಗಿ ನೋಡುವವರೇ ಇಲ್ಲವಾದರು. ನಮ್ಮ ದೇಶದ ಬೀದಿಯಲ್ಲಿ ನಡೆದ ಮೋಟಾರು ಸ್ಪರ್ಧೆಗಳಲ್ಲಿ ಇಷ್ಟು ಬುದ್ಧಿ ಬೇಡಿದ ಇನ್ನೊಂದು ಓಟ ನನಗೆ ಕಾಣದು.

ಅದರ ಕೊನೆಯ ಸುತ್ತುಗಳನ್ನೇ ತೆಗೆದುಕೊಳ್ಳಿ. ಮುಂದೆ ಡಿಎಸ್ ಪೆನ್ಸ್ಕೆ ತಂಡದ ಜ್ಯಾಂ ಎರಿಕ್ ವೆರ್ನ್, ಬೆನ್ನಿಗೆ ಎನ್ವಿಷನ್ ತಂಡದ ನಿಕ್ ಕ್ಯಾಸಿಡಿ. ವೆರ್ನ್ ಬ್ಯಾಟರಿಯಲ್ಲಿ ಉಳಿದಿದ್ದ ವಿದ್ಯುತ್ತು ಕ್ಯಾಸಿಡಿಯದಕ್ಕಿಂತ ಕಡಿಮೆ. ಮುಂದಿರುವವನು ಗಾಳಿಯನ್ನು ಸೀಳಿಕೊಂಡು ಹೋಗಬೇಕು. ಹಿಂದಿನವನು ಅವನ ಮರೆಯಲ್ಲಿ ಅಗ್ಗವಾಗಿ ಸಾಗುತ್ತಾನೆ. ಲೆಕ್ಕದ ಪ್ರಕಾರ ಕ್ಯಾಸಿಡಿ ಗೆಲ್ಲಬೇಕಿತ್ತು. ಆದರೆ ಅರ್ಧ ಸೆಕೆಂಡಿಗಿಂತ ಕಡಿಮೆ ಅಂತರದಲ್ಲಿ ಗೆದ್ದದ್ದು ವೆರ್ನ್.

ಇದು ಹೇಗೆ ಸಾಧ್ಯವಾಯಿತು? ಆ ವರ್ಷ ಬಂದ ಮೂರನೇ ಪೀಳಿಗೆಯ ಕಾರಿನ ಹಿಂದಿನ ಗಾಲಿಗಳಿಗೆ ಮಾಮೂಲಿ ಹೈಡ್ರಾಲಿಕ್ ಬ್ರೇಕೇ ಇರಲಿಲ್ಲ. ಅಲ್ಲಿ ಮೋಟಾರೇ ಬ್ರೇಕು. ವೇಗ ತಗ್ಗಿಸಿದಷ್ಟೂ ವಿದ್ಯುತ್ತು ಬ್ಯಾಟರಿಗೆ ಮರಳುತ್ತದೆ. ಓಟದಲ್ಲಿ ಖರ್ಚಾಗುವ ಶಕ್ತಿಯಲ್ಲಿ ಸುಮಾರು ಶೇಕಡಾ 40 ಭಾಗ ಹೀಗೆ ಹಿಂದೆ ಪಡೆದದ್ದು. ಆದ್ದರಿಂದ ಚಾಲಕ ನೇರ ರಸ್ತೆಯ ಕೊನೆಯವರೆಗೂ ಪೆಡಲು ತುಳಿಯುವುದಿಲ್ಲ. ತಿರುವಿಗೆ ಮೊದಲೇ ಕಾಲು ಎತ್ತಿ ಕಾರನ್ನು ತಾನಾಗಿ ಉರುಳಲು ಬಿಟ್ಟು, ಆಮೇಲೆ ಬ್ರೇಕು ಹಿಡಿಯುತ್ತಾನೆ. ಆ ಕಾಲೆತ್ತುವ ಕ್ಷಣದಲ್ಲೇ ಹಿಂದಿನವನು ನುಗ್ಗಬಹುದು. ಎದುರಾಳಿ ನುಗ್ಗಲಾರದ ಇಕ್ಕಟ್ಟಿನಲ್ಲಿ ಉಳಿಸಬೇಕು, ನುಗ್ಗಬಹುದಾದ ಕಡೆ ಧಾರಾಳವಾಗಿ ಸುರಿಯಬೇಕು. ಸೆಕ್ರೆಟೇರಿಯಟ್, ಲುಂಬಿನಿ ಪಾರ್ಕ್ ಆಸುಪಾಸಿನ ರಸ್ತೆಗಳನ್ನು ಹೊಂದಿಸಿ ಮಾಡಿದ, ಮೂರು ಕಿಲೋಮೀಟರಿಗೂ ಕಡಿಮೆ ಉದ್ದದ, 18 ತಿರುವುಗಳ ಆ ಹಾದಿಯಲ್ಲಿ ಕಾಂಕ್ರೀಟ್ ಗೋಡೆ ಎರಡೂ ಬದಿಗೆ ಅಂಟಿಕೊಂಡೇ ಇತ್ತು. ವಿದ್ಯುತ್ತಿನಲ್ಲಿ ಬಡವನಾಗಿದ್ದ ವೆರ್ನ್ ಆ ಗೋಡೆಗಳನ್ನೇ ತನ್ನ ಬಂಡವಾಳ ಮಾಡಿಕೊಂಡ.

ಗೋಡೆ ಗೆಲ್ಲಿಸಿತು, ಚಾಲಕನಲ್ಲ ಎನ್ನುವ ವಿಮರ್ಶಕರಿದ್ದಾರೆ. ನಾನು ಒಪ್ಪುವುದಿಲ್ಲ. ಅದೇ ಗೋಡೆ ಎಲ್ಲರಿಗೂ ಇತ್ತು. ಮೊದಲ ಸ್ಥಾನದಿಂದ ಹೊರಟ ಜಾಗ್ವಾರಿನ ಮಿಚ್ ಇವಾನ್ಸ್‌ಗೆ ಅವರದೇ ತಂಡದ ಸ್ಯಾಮ್ ಬರ್ಡ್ ಗುದ್ದಿ, ಇಬ್ಬರ ಓಟವೂ ಮುಗಿದದ್ದು ಅದೇ ಹಾದಿಯಲ್ಲಿ. ಮೂರನೆಯವರಾಗಿ ಮುಗಿಸಿದ್ದ ಸೆಬಾಸ್ಟಿಯನ್ ಬುಯೆಮಿ, ಮಿತಿ ಮೀರಿ ವಿದ್ಯುತ್ ಬಳಸಿದ್ದಕ್ಕೆ ದಂಡ ತೆತ್ತು ಆ ಸ್ಥಾನವನ್ನು ಆಂಟೋನಿಯೊ ಫೆಲಿಕ್ಸ್ ಡ ಕೋಸ್ಟಾಗೆ ಬಿಟ್ಟುಕೊಟ್ಟರು. ಖರ್ಚಿನ ಲೆಕ್ಕವೇ ಇಲ್ಲಿ ಆಟದ ವ್ಯಾಕರಣ.

ಇನ್ನೊಂದು ತಕರಾರು ಸದ್ದಿನದು: ಗರ್ಜನೆಯಿಲ್ಲದ ಕಾರು ಎಂಥ ರೇಸ್ ಕಾರು ಎಂಬುದು. ಈ ದೂರು ನಮ್ಮ ಕರಾವಳಿಯ ಕಡೆಯೂ ಕೇಳಿದೆ, ಅದಕ್ಕೆ ಕಾರಣವೂ ಉಂಟು. ಶಂಕರಪುರ, ಕಟಪಾಡಿ, ಮಿಯ್ಯಾರಿನ ಸೀಮೆಯಲ್ಲಿ ಕಂಬಳ ನೋಡಿ ಬೆಳೆದ ಕಣ್ಣಿಗೆ ಓಟವೆಂದರೆ ಇದ್ದ ಕಸುವನ್ನೆಲ್ಲ ಕೆಲವೇ ಸೆಕೆಂಡುಗಳಲ್ಲಿ ಸುರಿದುಬಿಡುವುದು. 2020ರಲ್ಲಿ ಐಕಳ ಕಂಬಳದ ಕರೆಯಲ್ಲಿ ಓಟಗಾರ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ಪತ್ರಿಕೆಗಳು ಅವರನ್ನು ಉಸೇನ್ ಬೋಲ್ಟ್ ಜತೆ ತೂಗಿದವು. ಕೋಣಗಳ ಜತೆ ಕೆಸರಿನಲ್ಲಿ ಓಡುವ ವಿದ್ಯೆಗೆ ಬೇರೆಯೇ ಅಳತೆ ಬೇಕೆಂದು ಆಗ ಸಿಟ್ಟಾದವರು ನಾವೇ. ವಿದ್ಯುತ್ ಓಟವನ್ನು ಪೆಟ್ರೋಲಿನ ಗದ್ದಲದಿಂದ ಅಳೆಯುವುದೂ ಅದೇ ತಪ್ಪು.

ಶಕ್ತಿ ಉಳಿಸಿ ಗೆಲ್ಲುವ ಈ ಲೆಕ್ಕವನ್ನು ಮಣಿಪಾಲದ ತಾಂತ್ರಿಕ ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳಬೇಕಿಲ್ಲ. ಅವರು ಫಾರ್ಮುಲಾ ಮಣಿಪಾಲ್ ಹೆಸರಿನಲ್ಲಿ ರೇಸ್ ಕಾರು ಕಟ್ಟುತ್ತಾರೆ. ಅಂಥ ವಿದ್ಯಾರ್ಥಿ ಸ್ಪರ್ಧೆಗಳಲ್ಲಿ ಸುಮಾರು 22 ಕಿಲೋಮೀಟರಿನ ದೀರ್ಘ ಓಟವಿದೆ. ವೇಗಕ್ಕೆ ಅಂಕ ಕೊಟ್ಟಂತೆ, ಅಷ್ಟು ದೂರಕ್ಕೆ ಎಷ್ಟು ಶಕ್ತಿ ಬಳಸಿದಿರಿ ಎಂಬುದಕ್ಕೂ ಅಂಕ ಕೊಡುತ್ತಾರೆ. ವೆರ್ನ್ ಮಾಡಿದ್ದು ಏನೆಂದು ಅವರು ಕೂಡಲೇ ಗುರುತಿಸುತ್ತಾರೆ. ಪತ್ರಿಕೆಗಳು ಗುರುತಿಸಲಿಲ್ಲ.

ಟಿವಿ ಪರದೆಯ ಮೂಲೆಯಲ್ಲಿ ಪ್ರತಿ ಚಾಲಕನ ಉಳಿಕೆ ವಿದ್ಯುತ್ತು ಶೇಕಡಾವಾರು ಕಾಣುತ್ತದೆ. ಆ ಅಂಕಿಯನ್ನು ಓದಲು ಕಲಿಸದ ವರದಿಗಾರಿಕೆಯೇ ಈ ಓಟಕ್ಕೆ ಅನ್ಯಾಯ ಮಾಡಿದ್ದು. ಇಂಥ ಓಟ ಭಾರತಕ್ಕೆ ಮತ್ತೆ ಬರಬೇಕು. ಬರುವಾಗ ಹಸಿರಿನ ಘೋಷಣೆ ಬೇಡ. ಹಣದ ಲೆಕ್ಕ ಮೊದಲೇ ಜನರ ಮುಂದಿರಲಿ, ಆಟವನ್ನು ಆಟವಾಗಿ ಬಲ್ಲವರು ಅದರ ಬಗ್ಗೆ ಬರೆಯಲಿ.