ತಾಳಿಕೋಟೆ ಯುದ್ಧದ ಒಂದು ಚಿತ್ರ: ಆಜ್ಞೆ ಮತ್ತು ಅಧೀನತೆ

1565ರ ಜನವರಿಯಲ್ಲಿ ಕೃಷ್ಣಾ ತೀರದಲ್ಲಿ ನಡೆದ ಯುದ್ಧಕ್ಕೆ ಬರಹದ ಆಕರಗಳಂತೆ ಚಿತ್ರದ ಆಕರವೂ ಉಂಟು. ಅಹಮದನಗರದ ಕವಿ ಆಫ್ತಾಬಿಯ ಪಾರಸಿ ಕಾವ್ಯ ‘ತಾರೀಫ್-ಎ-ಹುಸೇನ್ ಶಾಹಿ’ಯ ಸಚಿತ್ರ ಹಸ್ತಪ್ರತಿ ಪುಣೆಯ ಭಾರತ ಇತಿಹಾಸ ಸಂಶೋಧಕ ಮಂಡಳದಲ್ಲಿದೆ. ಹುಸೇನ್ ನಿಜಾಮ್ ಶಾಹನ ಆಜ್ಞೆಯಂತೆ ಅಳಿಯ ರಾಮರಾಯನ ಶಿರಚ್ಛೇದವಾಗುವ ದೃಶ್ಯ ಅದರಲ್ಲಿದೆ.

ಈ ಚಿತ್ರದ ವಸ್ತು ಯುದ್ಧ, ತಿರುಳು ಆಜ್ಞೆ. ಕತ್ತಿ ಸೇವಕನದು, ಕೀರ್ತಿ ಅರಸನದು. ದೆಲಾಕ್ರ್ವಾ 1828ರ ‘ಫೌಸ್ಟ್’ ಕಲ್ಲಚ್ಚಿನ ಚಿತ್ರಗಳಿಗೆ ಆಯ್ದುಕೊಂಡ ಕಥೆಯಲ್ಲಿ ಸೇವಕನಾಗಿ ಬಂದ ಮೆಫಿಸ್ಟೋಫಿಲಿಸನೇ ಯಜಮಾನನನ್ನು ನಡೆಸುತ್ತಾನೆ. ಅಹಮದನಗರದ ಚಿತ್ರದಲ್ಲಿ ಅಂಥ ಸಂದಿಗ್ಧಕ್ಕೆ ಎಡೆಯಿಲ್ಲ.

ಸಂದಿಗ್ಧವಿರುವುದು ಅದೇ ಹಸ್ತಪ್ರತಿಯ ಬೇರೆ ಪುಟಗಳಲ್ಲಿ. ಅರಸನೊಡನೆ ಕುಳಿತ ರಾಣಿ ಖುಂಜಾ ಹುಮಾಯೂನಳ ಆಕೃತಿಯನ್ನು ಹಲವು ಚಿತ್ರಗಳಲ್ಲಿ ಅನಂತರ ಅಳಿಸಲಾಗಿದೆ. ಪತಿಯ ಮರಣಾನಂತರ ಮಗ ಮುರ್ತಜಾನ ಹೆಸರಿನಲ್ಲಿ ಆಳಿದ ಆಕೆಯನ್ನು ಆ ಮಗನೇ ಅಧಿಕಾರದಿಂದ ಇಳಿಸಿದನು. ಅಳಿಸುವಿಕೆಯ ಕಾರಣವನ್ನು ಅಲ್ಲಿಯೇ ಹುಡುಕುವುದು ಸಮಂಜಸ. ಹಾಗಾದರೆ, ವಿಧೇಯತೆಯನ್ನು ಚಿತ್ರಿಸಿದ ಪ್ರತಿಯೇ ಹೊಸ ಪ್ರಭುತ್ವಕ್ಕೆ ವಿಧೇಯವಾಯಿತೆನ್ನಬೇಕು.

ಸ್ಥಳನಾಮಕ್ಕೂ ಈ ಮಾತು ಸಲ್ಲುತ್ತದೆ. ತಾಳಿಕೋಟೆ ಮಿತ್ರಸುಲ್ತಾನರ ಸೈನ್ಯಗಳು ಬೀಡುಬಿಟ್ಟ ಊರು. ಯುದ್ಧಕ್ಕೆ ಅದರ ಹೆಸರೇ ನಿಂತಿತು. ಕನ್ನಡದಲ್ಲಿ ಬಳಕೆಯಲ್ಲಿರುವ ‘ರಕ್ಕಸಗಿ-ತಂಗಡಗಿ’ ಎಂಬುದು ನದಿಯಂಚಿನ ಹಳ್ಳಿಗಳ ಹೆಸರು. ಒಂದು ಗೆದ್ದವರ ಬೀಡು, ಇನ್ನೊಂದು ಯುದ್ಧವನ್ನು ತಾಳಿಕೊಂಡ ನೆಲ. ಜಾನಪದ ಸಂಶೋಧಕನು ಎರಡನೆಯದರಿಂದ ಹೊರಡಬೇಕು. ಚಿತ್ರದಲ್ಲಿ ಉಳಿದುದನ್ನು ಓದುವಷ್ಟೇ ಎಚ್ಚರದಿಂದ ಅಳಿದುದನ್ನೂ ಓದಬೇಕು.