ಹೆಸರು ಹೊತ್ತ ಚಪ್ಪಡಿಗಳು

ಕಲಬುರಗಿಗೆ ಬಂದವರು ಸೇಡಂ ರಸ್ತೆಯ ಬುದ್ಧ ವಿಹಾರವನ್ನು ತಪ್ಪದೆ ನೋಡುತ್ತಾರೆ. ಅದು ಬಾಗಿಲು ತೆರೆದದ್ದು 2009ರಲ್ಲಿ. ಚಿತ್ತಾಪುರ ತಾಲ್ಲೂಕಿನ ಭೀಮೆಯ ದಂಡೆಯಲ್ಲಿ ಅದಕ್ಕಿಂತ ಸುಮಾರು ಎರಡು ಸಾವಿರ ವರ್ಷ ಹಿರಿದಾದ ಬೌದ್ಧ ನೆಲೆಯಿದೆ. ಅಲ್ಲಿಗೆ ಹೋಗುವವರು ಕಡಿಮೆ.

1986ರಲ್ಲಿ ಆ ದಂಡೆಯ ಸನ್ನತಿ ಎಂಬ ಊರಿನ ಚಂದ್ರಲಾಂಬಾ ದೇವಸ್ಥಾನದ ಆವರಣದಲ್ಲಿದ್ದ ಕಾಳಿ ಗುಡಿಯ ಚಾವಣಿ ಕುಸಿಯಿತು. ಮೂರ್ತಿಗೆ ಪೀಠವಾಗಿದ್ದ ಕಲ್ಲನ್ನು ಪರೀಕ್ಷಿಸಿದರೆ ಅದರ ಮೇಲೆ ಅಶೋಕನ ಶಾಸನ! ಮುಂದೆ 1990ರ ದಶಕದಲ್ಲಿ ಪಕ್ಕದ ಕನಗನಹಳ್ಳಿಯಲ್ಲಿ ಪುರಾತತ್ವ ಇಲಾಖೆ ಅಗೆದಾಗ ಸ್ತೂಪವೊಂದು ಸಿಕ್ಕಿತು. ಶಾಸನಗಳಲ್ಲಿ ಅದಕ್ಕೆ ಅಧೋಲೋಕ ಮಹಾಚೈತ್ಯವೆಂದು ಹೆಸರು.

ಸ್ತೂಪಕ್ಕೆ ಹೊದಿಸಿದ್ದು ಸುಣ್ಣಕಲ್ಲಿನ ಚಪ್ಪಡಿಗಳು. ಈ ಸೀಮೆಯ ಮನೆಗಳಿಗೆ ಹಾಸುವ ಶಹಾಬಾದಿ ಫರ್ಶಿಯೂ ಸುಣ್ಣಕಲ್ಲೇ. ನಯವಾದ ಕಣದ ಈ ಕಲ್ಲು ಉಳಿಗೆ ಬೇಗ ಒಗ್ಗುತ್ತದೆ. ಬಳೆಯ ಸಾಲು, ರುಮಾಲಿನ ಮಡಿಕೆಗಳನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಬುದ್ಧನ ಬದುಕು, ಜಾತಕ ಕಥೆಗಳು, ಅರಸರು ಎಲ್ಲ ಇಲ್ಲಿದ್ದಾರೆ. ಹಲವೆಡೆ ಬುದ್ಧನ ಬದಲು ಬೋಧಿವೃಕ್ಷ, ಧರ್ಮಚಕ್ರ, ಪಾದಗಳು.

ಕನಗನಹಳ್ಳಿಯ ನಿಜವಾದ ಸೊಗಸಿರುವುದು ಚಿತ್ರದ ಜೊತೆಗೇ ಕೊರೆದ ಬ್ರಾಹ್ಮಿ ಅಕ್ಷರಗಳಲ್ಲಿ. ಎಲ್ಲರೂ ಹುಡುಕಿಕೊಂಡು ಬರುವ ಚಪ್ಪಡಿಯಲ್ಲಿ ರಾಜ, ಪಕ್ಕದಲ್ಲಿ ರಾಣಿ, ಛತ್ರ ಚಾಮರ ಹಿಡಿದ ಸೇವಕಿಯರು. ಅಕ್ಷರಗಳಿಲ್ಲದಿದ್ದರೆ ಇವನು ಯಾವ ರಾಜನಾದರೂ ಆಗಬಹುದಿತ್ತು. ಇವನು ಅಶೋಕ ಎಂದು ಕಲ್ಲೇ ಸಾರುತ್ತದೆ. ಹಾಗೆಂದು ಇದನ್ನು ಅವನ ಮುಖದ ಯಥಾವತ್ ನಕಲು ಎನ್ನಲಾಗದು. ಕೆತ್ತುವ ಹೊತ್ತಿಗೆ ಅಶೋಕ ಕಾಲವಾಗಿ ಶತಮಾನಗಳೇ ಸಂದಿದ್ದವು. ಶಿಲ್ಪಿ ತನ್ನ ಕಾಲದ ಅರಸನ ಉಡುಗೆ ತೊಡುಗೆಯನ್ನೇ ಅವನಿಗೆ ತೊಡಿಸಿದಂತಿದೆ.

ಅಶೋಕನನ್ನು ಕಂಡೊಡನೆ ಹಿಂತಿರುಗುವವರು ಸಾತಕರ್ಣಿಯನ್ನು ತಪ್ಪಿಸಿಕೊಳ್ಳುತ್ತಾರೆ. ರಸಿಕರು ನಿಲ್ಲಬೇಕಾದದ್ದು ಅಲ್ಲಿ. ಆ ಸಾತವಾಹನ ದೊರೆ ಮಹಾಚೈತ್ಯಕ್ಕೆ ಬೆಳ್ಳಿಯ ತಾವರೆಗಳನ್ನು ಅರ್ಪಿಸುತ್ತಿದ್ದಾನೆಂದು ಬರಹ ಹೇಳುತ್ತದೆ. ಅಲ್ಲಿಗೆ, ಬುದ್ಧನ ಕಥೆ ಹೇಳುವ ಗೋಡೆ ರಾಜದಾನವನ್ನೂ ಅಷ್ಟೇ ಆದರದಿಂದ ಹೇಳಿದಂತಾಯಿತು. ಇನ್ನೊಂದು ಚಪ್ಪಡಿಯಲ್ಲಿ ಅದೇ ವಂಶದ ಪುಳುಮಾವಿ ಉಜ್ಜಯಿನಿಯನ್ನು ಬಿಟ್ಟುಕೊಡುತ್ತಾನೆ. ಸಾಂಚಿಯ ತೋರಣಗಳಲ್ಲೂ ಬರಹಗಳಿವೆ, ಆದರೆ ಅವುಗಳಲ್ಲಿ ಹೆಚ್ಚಿನವು ದಾನಿಗಳ ಹೆಸರು ಹೇಳುವಂಥವು. ಇಲ್ಲಿನ ಬರಹ ನೇರವಾಗಿ ಚಿತ್ರದೊಳಗಿನವರ ಗುರುತು ಹೇಳುತ್ತದೆ. ಚರಿತ್ರೆಕಾರರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ.

ಈ ಚಪ್ಪಡಿಗಳನ್ನು ಒಂದೆಡೆ ನಿಂತು ನೋಡಲೆಂದು ಕೆತ್ತಿದ್ದಲ್ಲ. ಭಕ್ತರು ಸ್ತೂಪವನ್ನು ಬಲಕ್ಕಿಟ್ಟು ಪ್ರದಕ್ಷಿಣೆ ಹಾಕುತ್ತಿದ್ದರು. ನಡೆದಂತೆ ಒಂದೊಂದೇ ಚಪ್ಪಡಿ ಎದುರಾಗುತ್ತಿತ್ತು. ಸ್ತೂಪ ಕುಸಿದ ಮೇಲೆ ಆ ಸರಣಿ ಕಡಿಯಿತು. ಉತ್ಖನನದ ನಂತರವೂ ಚಪ್ಪಡಿಗಳು ವರ್ಷಗಟ್ಟಲೆ ಬಯಲಲ್ಲೇ ಬಿಸಿಲು ಮಳೆಗೆ ಮೈಯೊಡ್ಡಿದವು. ಸುಣ್ಣಕಲ್ಲಿಗೆ ಮಳೆನೀರು ಒಳ್ಳೆಯದಲ್ಲ.

ಹೋಗುವವರು ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲನ್ನು ನೋಡಿಕೊಂಡು ಹೋಗಬೇಕು. ನಡುಹಗಲಲ್ಲಿ ನೆರಳು ಬೀಳದೆ ತೆಳುಗೆತ್ತನೆ ಚಪ್ಪಟೆಯಾಗಿ ಕಾಣುತ್ತದೆ, ಅಕ್ಷರಗಳಂತೂ ಕಲ್ಲಿನೊಳಗೇ ಕರಗಿಬಿಡುತ್ತವೆ.